ಎರಡು ಹನಿಯ ಬೂಷ್ಟು ಯಂತ್ರ

"ಭಾವ, ಇಲ್ಲಿ ನೋಡಿ!" ಎಂದು ನನ್ನ ಹೆಂಡತಿಯ ತಮ್ಮ ಪಶುಪತಿ ಅರಿಶಿನದ ಕಲೆಯಿದ್ದ ಕರ್ಚೀಫನ್ನು ತನ್ನ ಹೊಸ ಯಂತ್ರದೊಳಗೆ ಹಾಕಿದ. ನಮ್ಮ ಬಚ್ಚಲಲ್ಲಿದ್ದ ಹಳೇ ವಾಷಿಂಗ್ ಮಷಿನ್ನಿನ ಹೊಟ್ಟೆಯಲ್ಲಿ ಅವನು ಹಸಿರು ಬೂಷ್ಟು ಸಾಕಿದ್ದ. ಅದು ಬಿಡುವ ಕಿಣ್ವ ಕಲೆಯನ್ನು ತಿನ್ನುತ್ತದಂತೆ. ಐದೇ ನಿಮಿಷಕ್ಕೆ ಕರ್ಚೀಫು ಹೊಸದರ ಹಾಗೆ ಹೊರಗೆ ಬಂತು.

"ಗುಟ್ಟು ಇರೋದು ಸೋಪಿನ ನೀರಲ್ಲಿ. ಎರಡೇ ಹನಿ. ಬೂಷ್ಟಿನ ಮೈ ಸಡಿಲ ಆಗಿ ಕಿಣ್ವ ಜಾಸ್ತಿ ಬಿಡುತ್ತೆ. ಮೂರನೇ ಹನಿ ಬಿತ್ತೋ, ಕಲೆ ಮುಗಿಸಿ ಹತ್ತಿಬಟ್ಟೆಗೇ ಬಾಯಿ ಹಾಕುತ್ತೆ."

"ನಂಗೇ ಸೋಪಿನ ಪಾಠ ಹೇಳ್ತೀಯೇನೋ?" ಎಂದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು ನಾನು. ಇವನನ್ನು ಅದೇ ವಿಷಯದಲ್ಲಿ ಎರಡು ಸಲ ಫೇಲು ಮಾಡಿದವನೂ ನಾನೇ.

ಅವತ್ತು ಸಂಜೆ ಹಳೆಯ ವಿದ್ಯಾರ್ಥಿಗಳು ನನಗೆ ಸನ್ಮಾನ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಊಟದಲ್ಲಿ, ನನಗಿದ್ದ ಒಂದೇ ಒಂದು ಒಳ್ಳೆಯ ಹತ್ತಿ ಜುಬ್ಬಾದ ಮೇಲೆ ಸಾರು ಚೆಲ್ಲಿಕೊಂಡೆ. ಪಶುಪತಿ ಹೊರಗೆ ಹೋಗಿದ್ದ. ಜುಬ್ಬಾವನ್ನು ಯಂತ್ರಕ್ಕೆ ಹಾಕಿ, ಎರಡು ಹನಿ ಬಿಟ್ಟು ಕಾದೆ. ಕಲೆ ತೆಳುವಾಯಿತು, ಹೋಗಲಿಲ್ಲ. ನನಗೆ ತಾಳ್ಮೆ ಎಲ್ಲಿಯದು? ಸೋಪು ಮುಟ್ಟುವಂತಿಲ್ಲ. ಆದರೆ ಹೆಂಡತಿ ರೇಷ್ಮೆ ಸೀರೆ ಒಗೆಯಲು ಅಂಟುವಾಳ ನೆನೆಸಿಟ್ಟಿದ್ದಳು. ಅಂಟುವಾಳ ಸೋಪಲ್ಲವಲ್ಲ! ಒಂದು ಚೊಂಬು ಆ ನೀರನ್ನೇ ಸುರಿದೆ.

ಬೂಷ್ಟು ಉಬ್ಬಿ ಮುಚ್ಚಳ ಎತ್ತಿತು. ಉಕ್ಕಿದ ನೊರೆಗೆ ಕಾಲೊರೆಸುವ ಗೋಣಿಚೀಲ ಕರಗಿತು. ಪೊರಕೆಯಲ್ಲಿ ಪ್ಲಾಸ್ಟಿಕ್ ಹಿಡಿ ಮಾತ್ರ ಉಳಿಯಿತು. ನಾನು ಕಂಡೂ ಕಾಣದಂತಿದ್ದೆ, ಏಕೆಂದರೆ ಜುಬ್ಬಾ ಹಾಲಿನಂತೆ ಬೆಳ್ಳಗಾಗಿತ್ತು. ಇಸ್ತ್ರಿಗೆ ಸಮಯವಿರಲಿಲ್ಲ. ಒದ್ದೆಯಲ್ಲೇ ತೊಟ್ಟು, ಎಂದಿನ ಕೆಂಪು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟೆ.

"ರಸಾಯನಶಾಸ್ತ್ರವನ್ನು ಅರೆದು ಕುಡಿದವರು..." ಎಂದು ವೇದಿಕೆಯಲ್ಲಿ ಬಿನ್ನವತ್ತಳೆ ಓದುತ್ತಿದ್ದಾಗ ನನ್ನ ಎಡತೋಳಿನ ಬಟ್ಟೆ ಕಳಚಿ ಬಿತ್ತು. ಚಪ್ಪಾಳೆಯ ಹೊತ್ತಿಗೆ ಬಲತೋಳಿನದೂ ಹೋಯಿತು. ಫ್ಯಾನಿನ ಗಾಳಿ ಬೆನ್ನಿಗೆ ನೇರವಾಗಿ ತಗಲತೊಡಗಿತು. ನನಗೆ ನಾಚಿಕೆಯಿಂದ ಅಳುವೇ ಬಂತು. ಮುಂದಿನ ಸಾಲಿನಲ್ಲಿದ್ದ ಪಶುಪತಿ ಓಡಿಬಂದು ತಟ್ಟೆಯಲ್ಲಿದ್ದ ಸನ್ಮಾನದ ಶಾಲನ್ನು ಎಳೆದು ನನಗೆ ಸುತ್ತಿದ. ಪುಣ್ಯಕ್ಕೆ ಅದು ಅಪ್ಪಟ ನೈಲಾನು.

"ಎಷ್ಟು ಹನಿ ಸೋಪು ಹಾಕಿದ್ರಿ ಭಾವ?" ಎಂದು ಕಿವಿಯಲ್ಲಿ ಕೇಳಿದ.

"ಎರಡೇ ಕಣೋ. ಮಿಕ್ಕಿದ್ದು ಅಂಟುವಾಳ."

"ಅಂಟುವಾಳಾನೂ ಸೋಪೇ, ಮರದಲ್ಲಿ ಬಿಡುತ್ತೆ ಅಷ್ಟೇ ಅಂತ ಒಂಬತ್ತನೇ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ದು."

ಪೂರ್ತಿ ಅಂಕ ಕೊಡಬೇಕಾದ ಉತ್ತರ. ಕೊಡೋಣವೆಂದು ಕೆಂಪು ಪೆನ್ನಿಗೆ ಕೈ ಹಾಕಿದೆ. ಪೆನ್ನು ನೆಲದ ಮೇಲಿತ್ತು. ಜೇಬು ಎಲ್ಲೂ ಇರಲಿಲ್ಲ.