ಮೆಣಸಿನಕಾಯಿ ಕೈಗೆ ಬಂದ ಕೂಸು

ಮದುವೆಯಾಗುವವರೆಗೆ ನನ್ನ ಕೈಗಳ ಬಗ್ಗೆ ನನಗೆ ಬಹಳ ಅಭಿಮಾನವಿತ್ತು. ಮುಖದ ಬಗ್ಗೆ ಅಭಿಮಾನ ಪಡುವ ಅವಕಾಶವನ್ನು ದೇವರು ಕೊಟ್ಟಿರಲಿಲ್ಲ, ಹಾಗಾಗಿ ಇದ್ದದ್ದನ್ನೆಲ್ಲ ಕೈಗೇ ಸುರಿದಿದ್ದೆ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ನನ್ನ ಕೆಲಸ. ರೈತರು ತಂದ ಮೆಣಸಿನಕಾಯಿಯನ್ನು ಚೀಲದಿಂದ ಹಿಡಿ ತುಂಬ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳಿ, ಮುರಿದು, ಹಿಸುಕಿ, ಎಷ್ಟು ಒಣಗಿದೆ, ಬಣ್ಣ ಹೇಗಿದೆ ಎಂದು ಹೇಳಬೇಕು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ದುಂಡನೆಯ ಡಬ್ಬಿ ತಳಿ ಯಾವುದು, ಸಪೂರದ ಕಡ್ಡಿ ತಳಿ ಯಾವುದು ಎಂದು ಹೇಳಬಲ್ಲೆ. ಸಾಹುಕಾರರೂ ನನ್ನ ಕೈಯನ್ನು ನಂಬುತ್ತಿದ್ದರು. ಇಂಥ ಕೈ ಮನೆಯಲ್ಲಿ ಯಾತಕ್ಕೂ ಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅದು ಗೊತ್ತಾದದ್ದು ರಾಣೇಬೆನ್ನೂರಿನ ಕೃಷ್ಣಮೃಗಗಳ ಅಡವಿಯಲ್ಲಿ. ಹೊಸ ಹೆಂಡತಿ ರೇಣುಕಾ, ಸೆಕೆಂಡ್ ಹ್ಯಾಂಡ್ ಬೈಕು, ಭಾನುವಾರ. ಆಗ ಹೈವೇ ಅಗಲ ಮಾಡುತ್ತಿದ್ದರು, ದಾರಿಯ ಧೂಳೆಲ್ಲ ನಮ್ಮ ಮೇಲೇ ಇತ್ತು. ಅಡವಿಯಲ್ಲಿ ಇಳಿಯುವಷ್ಟರಲ್ಲಿ ರೇಣುಕಾಳ ಕಣ್ಣಲ್ಲಿ ಕಸ ಬಿದ್ದಿತ್ತು. ಇಷ್ಟು ಒಳ್ಳೆಯ ಅವಕಾಶವನ್ನು ಯಾವ ಗಂಡ ಬಿಡುತ್ತಾನೆ? ಬಹಳ ನಾಜೂಕಿನಿಂದ ರೆಪ್ಪೆ ಎತ್ತಿ, ಬೆರಳ ತುದಿಯಿಂದ ಕಸ ತೆಗೆದೆ. ಮರುಕ್ಷಣ ಆಕೆ ಕಿರುಚಿದ ಕಿರುಚಾಟಕ್ಕೆ ಎದುರಿಗಿದ್ದ ಹಿಂಡಿನಲ್ಲಿ ಒಂದು ಜಿಂಕೆಯೂ ಉಳಿಯಲಿಲ್ಲ.

"ಏನ್ ಹಚ್ಚಿದ್ರಿ ನನ್ನ ಕಣ್ಣಿಗೆ? ಉರಿ ಹತ್ತೇತಿ!"

"ಉರಿ ಹತ್ತೂದು ಸಾಧ್ಯನ ಇಲ್ಲ," ಎಂದೆ. "ಬ್ಯಾಡಗಿ ಮೆಣಸಿನಕಾಯ್ಗೆ ಬಣ್ಣ ಅಷ್ಟ. ಖಾರ ಇರಂಗಿಲ್ಲ."

ಹೆಂಡತಿ ಒಂದು ಕಣ್ಣು ಮುಚ್ಚಿಕೊಂಡು ನೀರಿಗಾಗಿ ತಡಕಾಡುತ್ತಿದ್ದರೆ ಗಂಡ ತನ್ನ ಮಾರುಕಟ್ಟೆಯ ಮಾಲನ್ನು ಸಮರ್ಥಿಸುತ್ತ ನಿಂತಿದ್ದ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆದರೆ ಊರಿನ ಮರ್ಯಾದೆಯ ಪ್ರಶ್ನೆ ಬಂದಾಗ ನಾನು ಹಾಗೇ.

ಆ ಮಳೆಗಾಲ ನಾವು ಒಂದು ಭಾನುವಾರವೂ ಮನೆಯಲ್ಲಿರಲಿಲ್ಲ. ಐರಣಿಗೆ ಹೋಗಿ ಹೊಳೆಯ ದಂಡೆಯಲ್ಲಿ ರೊಟ್ಟಿ ಬುತ್ತಿ ಬಿಚ್ಚಿದೆವು. ಹಾವೇರಿಯಲ್ಲಿ ಗಿರ್ಮಿಟ್ ತಿನ್ನುವುದಕ್ಕೆಂದೇ ಎರಡು ಸಲ ಹೋದೆವು. ತಿನ್ನುವಾಗ ರೇಣುಕಾ ನನಗೊಂದು ಚಮಚ ಕೊಟ್ಟು, ತನ್ನ ಪೊಟ್ಟಣವನ್ನು ನನ್ನ ಕೈಗೆ ಎಟುಕದಷ್ಟು ದೂರ ಹಿಡಿದುಕೊಳ್ಳುತ್ತಿದ್ದಳು. ನನ್ನ ಕರವಸ್ತ್ರವನ್ನಂತೂ ಆಕೆ ಮುಟ್ಟುತ್ತಲೇ ಇರಲಿಲ್ಲ. ಇಷ್ಟಾದರೂ ಆ ದಿನಗಳಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಶನಿವಾರ ಸಂಜೆಯೇ ಬೈಕನ್ನು ಒರೆಸಿ ನಿಲ್ಲಿಸುತ್ತಿದ್ದೆ.

ಶ್ರಾವಣದ ಒಂದು ಭಾನುವಾರ ಹಾವೇರಿ, ಗುತ್ತಲ ದಾಟಿ ಗಳಗನಾಥಕ್ಕೆ ಹೋದೆವು. ಗುಡಿ ನೋಡಿಕೊಂಡು ವರದಾ ಬಂದು ತುಂಗಭದ್ರೆಯನ್ನು ಕೂಡುವ ಕಡೆ ನೀರಿನ ಹತ್ತಿರ ಕುಳಿತೆವು. ರೇಣುಕಾ ಸುಮ್ಮನೆ ನಗುತ್ತಿದ್ದಳು.

"ಬರೂ ವರ್ಷ ಇಲ್ಲಿಗೆ ಮೂರು ಮಂದಿ ಬರ್ತೇವಿ ನೋಡ್ರಿ," ಎಂದಳು.

"ನಿಮ್ಮವ್ವನ್ನೂ ಕರಕೊಂಡು ಬರೂಣಂತಿಯೇನು? ಬೈಕಿನ್ಯಾಗ ಹಿಡಸಂಗಿಲ್ಲ ಬಿಡು. ಅವರಿಗೆ ಬಸ್ಸೇ ಬೇಷು."

ರೇಣುಕಾ ನನ್ನ ಮೆಣಸಿನಕಾಯಿ ಕೈಯನ್ನು ತಾನೇ ಎಳೆದುಕೊಂಡು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಆಗ ತಿಳಿಯಿತು. ನಾನು ಎದ್ದು ನಿಂತೆ, ಕುಳಿತೆ, ಮತ್ತೆ ಎದ್ದು ನಿಂತೆ. ಗುಡಿಗೆ ಬಂದಿದ್ದ ಪರಿಚಯವಿಲ್ಲದವರೊಬ್ಬರಿಗೆ ಕಾರಣ ಹೇಳದೆ ಬಾಳೆಹಣ್ಣು ಕೊಟ್ಟೆ. ಮರಳಿ ಬರುವಾಗ ಬೈಕನ್ನು ಎಷ್ಟು ನಿಧಾನ ಓಡಿಸಿದೆನೆಂದರೆ, ಸೈಕಲ್ಲಿನ ಮೇಲೆ ಮೇವಿನ ಹೊರೆ ಹೇರಿಕೊಂಡಿದ್ದ ಮುದುಕರೊಬ್ಬರು ಗಂಟೆ ಬಾರಿಸಿ ನಮ್ಮನ್ನು ದಾಟಿ ಹೋದರು.

ಮುಂದಿನ ಅನಾಹುತ ಏಳನೆಯ ತಿಂಗಳಲ್ಲಿ, ಬಸುರಿಗೆ ಕುಬಸ ಮಾಡುವ ದಿನ ಆಯಿತು. ರಾಣೇಬೆನ್ನೂರಿನಲ್ಲಿ, ರೇಣುಕಾಳ ತವರುಮನೆಯಲ್ಲಿ, ಹಸಿರು ಸೀರೆ, ಹಸಿರು ಬಳೆ, ಮನೆ ತುಂಬ ಹೆಂಗಸರು. ನಮ್ಮಿಬ್ಬರನ್ನೂ ಕೂರಿಸಿ ಒಡಪು ಕಟ್ಟಿ ಒಬ್ಬರ ಹೆಸರು ಒಬ್ಬರಿಂದ ಹೇಳಿಸಿ, ಹೆಂಡತಿಗೆ ಹೋಳಿಗೆ ತಿನ್ನಿಸು ಎಂದರು. ಹಿಂದಿನ ದಿನವಷ್ಟೇ ಕೋಲ್ಡ್ ಸ್ಟೋರೇಜಿನಿಂದ ತೆಗೆಸಿದ ಮಾಲನ್ನು ಸಂಜೆಯವರೆಗೆ ಹಿಸುಕಿದ್ದೆ. ಸೋಪು ಹಚ್ಚಿ ತೊಳೆದಿದ್ದೆ, ಖರೆ. ಆದರೂ ತುಪ್ಪದಲ್ಲಿ ಅದ್ದಿದ ಹೋಳಿಗೆ ನನ್ನ ಬೆರಳಿನಲ್ಲಿ ಉಳಿದಿದ್ದನ್ನೆಲ್ಲ ಹೀರಿಕೊಂಡಿರಬೇಕು. ಎರಡು ತುತ್ತಿಗೆ ರೇಣುಕಾಳ ತುಟಿ ಕೆಂಪಾಗಿ ಊದಿಕೊಂಡಿತು. ಹಾಡು ಹೇಳುತ್ತಿದ್ದವರು ಹಾಡು ನಿಲ್ಲಿಸಿದರು.

ನನ್ನ ಅತ್ತೆ ಕೂಗಾಡುವವರಲ್ಲ. ಮಗಳ ತುಟಿಗೆ ಬೆಣ್ಣೆ ಹಚ್ಚಿದರು, ನಂತರ ನನ್ನ ಕಡೆ ತಿರುಗಿದರು.

"ಅಳ್ಯಾರ, ಸಿಟ್ಟಾಗಬ್ಯಾಡ್ರಿ. ಆ ಕೈ ಕೂಸಿಗೆ ಮುಟ್ಟಸಂಗಿಲ್ಲ."

"ಅತ್ತಿ, ನಮ್ಮ ಮೆಣಸಿನಕಾಯ್ಗೆ ಖಾರ..."

"ಖಾರ ಇಲ್ಲಂದ್ರ ಸಾರಿಗೆ ಯಾಕ ಹಾಕ್ತೇವ್ರಿ?"

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಬಣ್ಣಕ್ಕೆ ಎನ್ನಬಹುದಿತ್ತು. ಆದರೆ ರೇಣುಕಾಳ ತುಟಿ ನೋಡಿ ಬಾಯಿ ಮುಚ್ಚಿಕೊಂಡೆ.

ಅಲ್ಲಿಂದ ನನಗೆ ಒಂದೇ ಚಿಂತೆ. ಹುಟ್ಟುವುದು ಗಂಡೋ ಹೆಣ್ಣೋ ಎಂದು ಬೇರೆ ಗಂಡಸರು ಯೋಚಿಸುತ್ತಾರಂತೆ. ಯಾವುದೇ ಇರಲಿ, ನನಗೆ ಎತ್ತಿಕೊಳ್ಳಲು ಕೊಡುತ್ತಾರೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದೆ. ಅಂಗಡಿಯ ಹಮಾಲ ಬಸಣ್ಣ ಧೈರ್ಯ ಹೇಳಿದ. "ನನ್ನ ನಾಕೂ ಮಕ್ಳು ಮೆಣಸಿನಕಾಯಿ ಚೀಲದ ಮ್ಯಾಲ ಮಲಗಿ ದೊಡ್ಡವಾದ್ವು. ಒಂದಕ್ಕೂ ಏನೂ ಆಗಿಲ್ರಿ." ಇದನ್ನು ಅತ್ತೆಯ ಮುಂದೆ ಬಂದು ಹೇಳುತ್ತೀಯಾ ಎಂದು ಕೇಳಿದರೆ ಚೀಲ ಹೊತ್ತುಕೊಂಡು ಹೋಗಿಬಿಟ್ಟ.

ಮಗಳು ಹುಟ್ಟಿದ್ದು ಮಾರ್ಚಿನಲ್ಲಿ, ಅದೂ ಸೋಮವಾರ. ಪೇಟೆಯ ದಿನ. ಊರ ತುಂಬ ಕೆಂಪು ರಾಶಿ, ನನ್ನ ಕೈ ಮೊಣಕೈತನಕ ಕೆಂಪು. ಅಂಗಡಿಯ ಫೋನಿನಲ್ಲಿ ಸುದ್ದಿ ಬಂತು. ಹಿಡಿದ ಮೆಣಸಿನಕಾಯಿಯನ್ನು ಎಲ್ಲಿ ಬಿಟ್ಟೆನೋ ಗೊತ್ತಿಲ್ಲ, ರಾಣೇಬೆನ್ನೂರಿನ ಬಸ್ಸಿನಲ್ಲಿ ಕುಳಿತಿದ್ದೆ. ನನ್ನ ಸುತ್ತ ಎಲ್ಲರೂ ಸೀನುತ್ತಿದ್ದರು. "ಹೆಣ್ಣು ಕೂಸು ಹುಟ್ಟೇತ್ರಿ!" ಎಂದು ಸೀನಿದವರಿಗೆಲ್ಲ ಹೇಳಿದೆ. ಪಾಪ, ಅವರೂ ಸೀನುತ್ತಲೇ ಸಂತೋಷಪಟ್ಟರು.

ಆಸ್ಪತ್ರೆಯ ಬಾಗಿಲಲ್ಲೇ ಅತ್ತೆ ನನ್ನನ್ನು ನಿಲ್ಲಿಸಿದರು. ಕೂಸನ್ನು ದೂರದಿಂದ ತೋರಿಸಿದರು. ಬಟ್ಟೆಯ ಮಡಿಕೆಯೊಳಗೆ ಒಂದಿಷ್ಟು ಕೂದಲು, ಒಂದು ಕಿವಿ. ಆ ಒಂದು ಕಿವಿಯನ್ನು ನೋಡಿಕೊಂಡು ನಾನು ನಾಲ್ಕು ದಿನ ರಜೆ ಹಾಕಿದೆ. ಭರ್ತಿ ಸುಗ್ಗಿಯಲ್ಲಿ ರಜೆ ಕೇಳಿದ್ದಕ್ಕೆ ಸಾಹುಕಾರರು ಏನಂದರು ಎಂಬುದು ಇಲ್ಲಿ ಬೇಡ. ನಾಲ್ಕೂ ದಿನ ಅತ್ತೆಯ ಮನೆಯ ಹಿತ್ತಲಲ್ಲಿ ಕುಳಿತು ಕೈ ತೊಳೆದೆ. ಕಡಲೆಹಿಟ್ಟು, ಹುಣಸೆಹಣ್ಣು, ಮಜ್ಜಿಗೆ, ಸೀಗೆಪುಡಿ, ಕೊಬ್ಬರಿ ಎಣ್ಣೆ, ಮತ್ತೆ ಕಡಲೆಹಿಟ್ಟು. ಅಷ್ಟರಲ್ಲಿ ಬಾಣಂತಿ, ಕೂಸು ಮನೆಗೆ ಬಂದರು. ಒಳಗೆ ಮಗಳು ಅತ್ತರೆ ಹೊರಗೆ ನಾನು ಇನ್ನೂ ಜೋರಾಗಿ ತಿಕ್ಕುತ್ತಿದ್ದೆ.

ನಾಲ್ಕನೆಯ ದಿನ ಅತ್ತೆ ಪರೀಕ್ಷೆಗೆ ಕರೆದರು. ಮೊದಲು ಕೈ ಮೂಸಿದರು. ಬೆರಳನ್ನು ನನ್ನ ನಾಲಿಗೆಗೇ ಹಚ್ಚಿಸಿದರು. ಕೊನೆಗೆ, "ಈಗ ನಿಮ್ಮ ಕಣ್ಣಿಗೆ ನೀವ ಒತ್ತಿಕೊಳ್ರಿ," ಎಂದರು. ಹತ್ತೂ ಬೆರಳುಗಳನ್ನು ಒಂದೊಂದಾಗಿ ಕಣ್ಣಿಗೆ ಒತ್ತಿಕೊಂಡೆ. ಒಂದು ಚೂರೂ ಉರಿಯಲಿಲ್ಲ.

"ಹಿಡಕೊಳ್ರಿ," ಎಂದು ಮಗಳನ್ನು ನನ್ನ ತೋಳಿಗಿಟ್ಟರು.

ಎಷ್ಟು ಹಗುರ! ಒಂದು ಹಿಡಿ ತೆಗೆದರೆ ಇಡೀ ಚೀಲದ ಕಥೆ ಹೇಳುವ ನನ್ನ ಕೈಗೆ ಏನೂ ತಿಳಿಯಲಿಲ್ಲ. ಬೆಚ್ಚಗಿತ್ತು, ಉಸಿರಾಡುತ್ತಿತ್ತು, ನನ್ನದಾಗಿತ್ತು. ಕೂಸು ಅರ್ಧ ಕಣ್ಣು ತೆರೆದು ನನ್ನ ಕಡೆ ನೋಡಿತು. ನನ್ನ ಕಣ್ಣಿನಿಂದ ನೀರು ದಳದಳ ಸುರಿಯಿತು. ಮನೆಯವರೆಲ್ಲರ ಎದುರಿಗೇ, ಮಂಚದ ಮೇಲಿಂದ ರೇಣುಕಾ ಕೇಳಿದಳು: "ಅಳಾಕತ್ತೀರೇನ್ರಿ?"

ಇಬ್ಬರು ಭಾವಮೈದುನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಂಡಸಾದವನು ಏನು ಹೇಳಬೇಕು?

"ಅಳೂದ್ಯಾಕ? ಕೈಯಾಗಿನ ಖಾರ ಕಣ್ಣಿಗೆ ಹತ್ತೇತಿ."

ಮಾತು ಮುಗಿಯುವಷ್ಟರಲ್ಲಿ ನನ್ನ ತೋಳು ಬರಿದಾಗಿತ್ತು. "ಅಯ್ಯ ನಮ್ಮವ್ವ, ಇನ್ನೂ ಐತೇನ್ರಿ?" ಎಂದು ಅತ್ತೆ ಕೂಸನ್ನು ಎದೆಗವಚಿಕೊಂಡು ಒಳಕೋಣೆಗೆ ಓಡಿದರು. ಹೆಸರಿಡುವ ದಿನದವರೆಗೆ, ಅಂದರೆ ಇನ್ನೂ ಒಂಬತ್ತು ದಿನ, ನನಗೆ ಕೂಸನ್ನು ಕೊಡಕೂಡದೆಂದು ಅಲ್ಲಿಂದಲೇ ಅಪ್ಪಣೆಯಾಯಿತು.

ರೇಣುಕಾ ಗೋಡೆಯ ಕಡೆ ಮುಖ ಮಾಡಿ ನಗುತ್ತಿದ್ದಳು. ಕೊನೆಗೆ ಮೆಲ್ಲಗೆ ಕೇಳಿದಳು: "ಖರೆ ಹೇಳಿದ್ರ ಏನು ಹೋಗ್ತಿತ್ರಿ?"

ನಾನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು, ಹಿತ್ತಲಿಗೆ ಹೋಗಿ, ಕಡಲೆಹಿಟ್ಟು ಇನ್ನೂ ಉಳಿದಿದೆಯೇ ಎಂದು ಕೇಳಿದೆ.