ಡ್ರೈವರ್ ಸಿಗುತ್ತಿಲ್ಲ

ಗಾಬರಿಯಣ್ಣ ಮಾಡಿದ ತಪ್ಪು ಇಷ್ಟೇ. ಪರದೆಯ ಮೇಲೆ ದಿನಾ ಬಂದು ಪೀಡಿಸುತ್ತಿದ್ದ 'ಹೊಸ ಸಿಸ್ಟಮ್ ಹಾಕಲೇ?' ಎಂಬ ಪ್ರಶ್ನೆಗೆ, ಮನೆಗೆ ಹೊರಡುವ ಅವಸರದಲ್ಲಿ 'ಸರಿ' ಅಂತ ಒತ್ತಿಬಿಟ್ಟಿದ್ದ.

ಬೆಳಗ್ಗೆ ಬಂದು ನೋಡಿದರೆ ಕಂಪ್ಯೂಟರು ಮದುಮಗನ ಹಾಗೆ ಹೊಳೆಯುತ್ತಿತ್ತು. ಪಕ್ಕದ ಕಾರ್ಡ್ ರೀಡರು ಮಾತ್ರ ಮುನಿಸಿಕೊಂಡ ಬೀಗರಂತೆ ದೀಪ ಆರಿಸಿಕೊಂಡು ಕೂತಿತ್ತು.

ಅದು ಹಲ್ಲಿನ ಆಸ್ಪತ್ರೆ. ಗಾಬರಿಯಣ್ಣ ಅಲ್ಲಿ ಮುಂದಿನ ಮೇಜಿನ ಗುಮಾಸ್ತ. ರೋಗಿಯ ಕಾರ್ಡು ತೂರಿಸಿದರೇ ಅವರ ಹಳೆಯ ವಿವರ ತೆರೆದುಕೊಳ್ಳುವುದು. ಯಾರಿಗೆ ಯಾವ ಇಂಜೆಕ್ಷನ್ ಆಗಿಬರುವುದಿಲ್ಲ ಅಂತ ನೋಡದೆ ಡಾಕ್ಟರಮ್ಮ ಯಾರ ಬಾಯಿಗೂ ಕೈಹಾಕುವವರಲ್ಲ.

ಸರದಿಯಲ್ಲಿ ಮೊದಲು ನಿಂತಿದ್ದವನ ಕೆನ್ನೆ ಚೆಂಡಿನಷ್ಟು ಊದಿತ್ತು. ಬಾಯಿ ತೆರೆಯಲೂ ಆಗದೆ, ಕಂಪ್ಯೂಟರಿನತ್ತ ಬೆರಳು ಮಾಡಿ "ಊಂ! ಊಂ!" ಅಂದ.

"ಬೈಬೇಡಿ ಸ್ವಾಮೀ, ಈಗಲೇ ಸರಿಹೋಗತ್ತೆ" ಎಂದು ಗಾಬರಿಯಣ್ಣ ತಂತಿ ಕಿತ್ತು ಮತ್ತೆ ಸಿಕ್ಕಿಸಿದ. ಪರದೆಯ ಮೇಲೆ 'ಡ್ರೈವರ್ ಸಿಗುತ್ತಿಲ್ಲ' ಎಂದು ಬಂತು.

ಹಲ್ಲುಸೆಟ್ಟಿಗಾಗಿ ಕಾದಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಅಯ್ಯೋ, ಅಷ್ಟೇನಾ? ನಮ್ಮ ಅಳಿಯ ಬಸ್ಸೇ ಓಡಿಸ್ತಾನೆ, ಕರೀಲಾ?"

"ಅದು ಬೇರೆ ಡ್ರೈವರ್ರು, ಮೇಷ್ಟ್ರೇ! ಈ ರೀಡರನ್ನ ಓಡಿಸೋ ಸಾಫ್ಟ್‌ವೇರು!"

ಊದಿದ ಕೆನ್ನೆಯವನು ಮೇಜಿನ ಮೇಲಿದ್ದ ಪೆನ್ನಿಗೆ ಕೈ ಚಾಚಿದ. ದೂರು ಬರೆಯುತ್ತಾನೆಂದು ಗಾಬರಿಯಣ್ಣ ಪೆನ್ನು ಎತ್ತಿ ಬಚ್ಚಿಟ್ಟ. ಅವನು ಮೊಬೈಲು ತೆಗೆದ. "ವಿಡಿಯೋ ಮಾತ್ರ ಮಾಡ್ಬೇಡಿ, ಮಕ್ಕಳೊಂದಿಗ ನಾನು!" ಎಂದು ಗಾಬರಿಯಣ್ಣ ಅದಕ್ಕೂ ಕೈ ಅಡ್ಡ ಹಿಡಿದ. ಪಾಪ, ಅವನು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡ.

"ಇನ್ನೂ ಆಗಲಿಲ್ವೇನ್ರೀ?" ಒಳಗಿನಿಂದ ಡಾಕ್ಟರಮ್ಮ.

ಕೊನೆಗೆ ಗಾಬರಿಯಣ್ಣ ರೀಡರ್ ಕೊಟ್ಟ ಕಂಪನಿಗೆ ಫೋನ್ ಮಾಡಿದ.

"ನಿಮ್ಮ ಕಡೆ ರಿಪೇರಿಗೆ ಬರೋರು ಒಬ್ಬರೇ ಸಾರ್. ಇವತ್ತು ರಜಾ" ಅಂದಿತು ಆ ಕಡೆಯ ಹೆಣ್ಣುದನಿ. "ಹಲ್ಲುನೋವಂತೆ, ಕೆನ್ನೆ ಊದಿಕೊಂಡಿದ್ಯಂತೆ."

ಫೋನ್ ಇಟ್ಟ ಗಾಬರಿಯಣ್ಣ ಮೆಲ್ಲಗೆ ಕತ್ತು ತಿರುಗಿಸಿದ. ಗೋಡೆಗೊರಗಿದ್ದವನು ಕಣ್ಣು ತೆರೆದು, ಅದು ನಾನೇ ಎಂಬಂತೆ ತಲೆಯಾಡಿಸಿದ.

"ತಪ್ಪಾಯ್ತಪ್ಪಾ! ಬಾ, ಕೂತ್ಕೋ!" ಗಾಬರಿಯಣ್ಣ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ರಿಪೇರಿಯವನು ಒಂದು ಕೈಯಲ್ಲಿ ಕೆನ್ನೆ ಹಿಡಿದು, ಇನ್ನೊಂದರಲ್ಲಿ ಪಟಪಟ ಕೀಲಿ ಒತ್ತಿ, ಹೊಸ ಸಿಸ್ಟಮ್ಮಿಗೆ ಒಗ್ಗುವ ಡ್ರೈವರು ಹುಡುಕಿ ಹಾಕಿದ. ರೀಡರಿನ ಹಸಿರು ದೀಪ ಹೊತ್ತಿತು. ಅವನ ಕಾರ್ಡೇ ಮೊದಲು ಒಳಹೋಯಿತು, ಹಿಂದೆಯೇ ಅವನೂ.

ಸ್ವಲ್ಪ ಹೊತ್ತಿನಲ್ಲೇ ಅವನು ಅರ್ಧ ಮುಖದಲ್ಲಿ ನಗುತ್ತ ಹೊರಬಂದ. ಮೇಷ್ಟ್ರಿಗಂತೂ ಖುಷಿಯೋ ಖುಷಿ. ಜೇಬಿನಿಂದ ಪೆಪ್ಪರಮೆಂಟು ತೆಗೆದು ಗಾಬರಿಯಣ್ಣನ ಬಾಯಿಗೇ ಹಾಕಿದರು. "ತಗೊಳ್ರೀ, ಗೆದ್ದುಬಿಟ್ರಿ!"

ಗಾಬರಿಯಣ್ಣ ನೆಮ್ಮದಿಯಿಂದ ಒಂದೇ ಒಂದು ಸಲ ಕಡಿದ.

ಕಟಕ್!

ಮುರಿದದ್ದು ಪೆಪ್ಪರಮೆಂಟಲ್ಲ.

"ಮುಂದಿನವರು ಯಾರ್ರೀ?" ಡಾಕ್ಟರಮ್ಮ ಬಾಗಿಲಿಗೆ ಬಂದರು.

"ನನಗೇನು ಅವಸರ ಇಲ್ಲ, ಮೊದಲು ಇವರನ್ನ ನೋಡಿ" ಎಂದರು ಮೇಷ್ಟ್ರು.

ರಿಪೇರಿಯವನು ಗಾಬರಿಯಣ್ಣನ ಕೊರಳಲ್ಲಿ ತೂಗುತ್ತಿದ್ದ, ನೌಕರರಿಗೂ ಕೊಡುವ ಆಸ್ಪತ್ರೆಯ ಕಾರ್ಡು ಬಿಚ್ಚಿ ರೀಡರಿಗೆ ತೂರಿಸಿದ. ಟಿಣ್ ಅಂದಿತು. "ನೋಡಣ್ಣಾ, ಒಂದೇ ಸಲಕ್ಕೆ ತಗೊಳ್ತು!"

ಈ ಹಾಳು ಡಬ್ಬಿ ಇನ್ನೊಂದು ಗಳಿಗೆ ಕೆಟ್ಟೇ ಇರಬಾರದಿತ್ತೇ ಎಂದುಕೊಳ್ಳುತ್ತ, ದವಡೆ ಹಿಡಿದುಕೊಂಡು ಗಾಬರಿಯಣ್ಣ ಒಳಗೆ ನಡೆದ.