ಅಣಬೆಯ ಡಿಎನ್‌ಎ ಮತ್ತು ನನ್ನ ಎದೆಬಡಿತ

"ಗಿಡಾ ಬಳ್ಳಿ ಪಾಠ ಹೇಳೋರಿಗೆ ಎಂಥಾ ಹೆದರಿಕಿ? ಅವೇನು ಕಡೀತಾವೇನು?" ಎಂದು ನಮ್ಮತ್ತೆ ಕೇಳುತ್ತಿದ್ದರು. ಕಡಿಯುವುದಿಲ್ಲ. ಆದರೆ ನೌಕರಿಯಲ್ಲಿ ನಾನು ಬೆವತದ್ದೆಲ್ಲ ಅಣಬೆಯ ದೆಸೆಯಿಂದ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕಾದಿರುತ್ತಿತ್ತು.

ಝೆರಾಕ್ಸ್

ತೊಂಬತ್ತೇಳನೇ ಇಸವಿ. ಕುಷ್ಟಗಿಯ ಕಾಲೇಜಿನಲ್ಲಿ ನನ್ನ ಮೊದಲ ವಾರ. ಅಷ್ಟೊಂದು ಮುಖ ಒಟ್ಟಿಗೆ ಕಂಡರೆ ಕಪ್ಪು ಹಲಗೆಯ ಕಡೆಗೇ ತಿರುಗಿ ಪಾಠ ಹೇಳುತ್ತಿದ್ದೆ. ಅಂದಿನ ಪಾಠ, ಅಣಬೆ ಬೀಜಕ ಮಾಡುವ ಬಗೆ. ಒಂದು ಕೋಶದಲ್ಲಿರುವ ಎರಡು ನ್ಯೂಕ್ಲಿಯಸ್ ಕೂಡಿ ಒಂದಾಗುತ್ತವೆ, ಆಮೇಲೆ ಒಡೆದು ನಾಲ್ಕಾಗುತ್ತವೆ. ಒಡೆಯುವ ಮುಂಚೆ ಡಿಎನ್‌ಎ ಇಮ್ಮಡಿಯಾಗಲೇಬೇಕು. ಯಾವಾಗ? ಕೂಡಿದ ಮೇಲೆ ಎನ್ನುತ್ತಿತ್ತು ನಮ್ಮ ಪಠ್ಯಪುಸ್ತಕ. ಕೆಲವು ಅಣಬೆಗಳಲ್ಲಿ ಕೂಡುವುದಕ್ಕೆ ಮೊದಲೇ ಆಗಿರುತ್ತದೆ ಎಂದು ನಾನು ಎಂ.ಎಸ್ಸಿ.ಯಲ್ಲಿ ಓದಿದ್ದೆ. ಅದನ್ನೇ ಹೇಳಿಬಿಟ್ಟೆ.

ಹಿಂದಿನ ಬೆಂಚಿನವನೊಬ್ಬ ಎದ್ದ. "ಪುಸ್ತಕದಾಗ ಹಂಗಿಲ್ರಿ ಮೇಡಂ."

ನಾನು ಬಾಯಿ ತೆರೆಯುವ ಮುಂಚೆ ಮುಂದಿನ ಸಾಲಿನ ಹುಡುಗಿ ಅವನತ್ತ ತಿರುಗಿದಳು. "ಅಣ್ಣತಮ್ಮರು ಪಾಲಾಗಾಕ ಒಂದ ಕಡೆ ಕೂಡೂಕಿಂತ ಮೊದಲ ಕಾಗದಪತ್ರ ಝೆರಾಕ್ಸ್ ಮಾಡಸ್ತಾರಲ್ಲೋ, ಹಂಗ ಇದು."

"ಭಾಳ ಛಲೋ ಹೇಳಿದಿ!" ಎಂದು ಉಸಿರುಬಿಟ್ಟೆ.

ಮುಂದಿನ ವಾರ ಕಿರುಪರೀಕ್ಷೆ. 'ಡಿಎನ್‌ಎ ಯಾವಾಗ ಇಮ್ಮಡಿಯಾಗುತ್ತದೆ?' ಎಂದು ಕೇಳಿದ್ದೆ. ಅರ್ಧ ಕ್ಲಾಸು ಒಂದೇ ಉತ್ತರ ಬರೆದಿತ್ತು: 'ಕರೆಂಟ್ ಇದ್ದಾಗ.'

ಟಾಂಗಾ ಸ್ಟ್ಯಾಂಡು

ಕೊಪ್ಪಳಕ್ಕೆ ವರ್ಗವಾಯಿತು. ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಿಗೇ ತೋರಿಸಬೇಕು ಎಂಬ ಹುಚ್ಚು ಹತ್ತಿತು. ಕುದುರೆ ಲದ್ದಿಯ ಮೇಲೆ ಬೆಳೆಯುವ ಒಂದು ಅಣಬೆಯುಂಟು. ಅದರ ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡುತ್ತವೆ. ಗಂಟೆಗೊಂದು ಚೂರು ಕತ್ತರಿಸಿ ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಾಗುತ್ತದೆ. ಅದಕ್ಕೆ ಲದ್ದಿ ಬೇಕು.

ಕುದುರೆ ಕಂಡರೆ ನನಗೆ ಜೀವವೇ ಹೋಗುತ್ತದೆ. ಆದರೂ ಸ್ಟೇಷನ್ ಹತ್ತಿರದ ಟಾಂಗಾ ಚಾಚಾನನ್ನು ಕೇಳಿದೆ. "ತಾಜಾ ಬೇಕು ಚಾಚಾ."

"ತಾಜಾ ಬೇಕಂದ್ರ ನಿಂದ್ರಬೇಕಾಕ್ಕೈತಿ ಬೇಟಿ. ಅದರ ಟೈಮು ಅದಕ್ಕ ಗೊತ್ತು."

ಡಬ್ಬಿ ಹಿಡಿದು ಕುದುರೆಯ ಹಿಂದೆ ನಿಂತೆ. ಅದು ಬಾಲ ಅಲ್ಲಾಡಿಸಿದಾಗಲೆಲ್ಲ ಒದ್ದೇ ಬಿಟ್ಟಿತು ಎಂದು ಹಿಂದಕ್ಕೆ ಜಿಗಿಯುತ್ತಿದ್ದೆ. ಅದಕ್ಕಿಂತ ದೊಡ್ಡ ಭಯ, ಪರಿಚಯದವರು ಯಾರಾದರೂ ನೋಡಿದರೆ? ನೋಡಿದರು. ಗದಗಿನ ರೈಲಿನಿಂದ ಇಳಿದು ನಮ್ಮ ಪ್ರಿನ್ಸಿಪಾಲರೇ ಬಂದರು.

"ಏನ್ರಿ ಮೇಡಂ, ಇಲ್ಲಿ ನಿಂತೀರಿ?"

ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿದೆ. "ಕಾಯಾಕತ್ತೀನ್ರಿ ಸರ್."

"ಯಾರ ದಾರಿ?"

ನನ್ನ ಮಾನ ಕಾಯಲು ಚಾಚಾ ಮುಂದೆ ಬಂದ. "ಕುದುರಿದು ಸಾಹೇಬ್ರ. ಮುಂಜಾನಿಂದ ನಿಂತಾರ, ಅದು ಮನಸ್ಸ ಮಾಡವಲ್ದು."

ಪರೀಕ್ಷಕರು

ಅಂತೂ ಲದ್ದಿ ಸಿಕ್ಕಿತು, ಅಣಬೆ ಬೆಳೆಯಿತು. ಅಳವಂಡಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಚಂದದ ಸ್ಲೈಡ್ ಮಾಡಿದಳು. ಡಿಎನ್‌ಎಗೆ ಹತ್ತುವ ಗುಲಾಬಿ ಬಣ್ಣದಲ್ಲಿ ಎರಡು ನ್ಯೂಕ್ಲಿಯಸ್, ಇನ್ನೂ ಕೂಡಿಲ್ಲ, ಆಗಲೇ ಬಣ್ಣ ದಟ್ಟ, ಅಂದರೆ ಡಿಎನ್‌ಎ ಆಗಲೇ ಇಮ್ಮಡಿಯಾಗಿದೆ.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬಂದರು. ಅವರು ಬರುತ್ತಾರೆಂದರೆ ಯಲಬುರ್ಗಾದ ಹುಡುಗರು ಓದುವುದು ಬಿಟ್ಟು ಹನುಮಪ್ಪನ ಗುಡಿ ಸುತ್ತುತ್ತಿದ್ದರಂತೆ. ನನ್ನ ಅಷ್ಟೂ ಮಕ್ಕಳು ಪುಸ್ತಕಕ್ಕೆ ವಿರುದ್ಧವಾದ ಉತ್ತರ ಬರೆದು ಕೂತಿದ್ದರು. ಇವರು ತಪ್ಪು ಎಂದರೆ ಎಲ್ಲರೂ ಮುಳುಗಿದಂತೆ. ಅಳವಂಡಿಯ ಹುಡುಗಿಯಂತೂ, "ಫೇಲಾದ್ರ ಮನ್ಯಾಗ ಕಾಲೇಜು ಬಿಡಸ್ತಾರ್ರಿ" ಎಂದು ಮೊದಲೇ ಅತ್ತಿದ್ದಳು. ಅವರು ಕರೆದದ್ದೂ ಅವಳನ್ನೇ.

"ಡಿಎನ್‌ಎ ಇಮ್ಮಡಿ ಆಗೂದು ಯಾವಾಗವಾ?"

"ನಾವು ನೋಡಿದ ಅಣಬ್ಯಾಗ... ಕೂಡೂಕಿಂತ ಮೊದಲ್ರಿ."

"ಯಾವ ಪುಸ್ತಕದಾಗೈತಿ?"

ಹುಡುಗಿ ನನ್ನ ಕಡೆ ನೋಡಿದಳು. ನಾಚಿಕೆಯಿಂದ ಹೇಳುತ್ತೇನೆ, ನಾನು ಕಿಟಕಿಯಾಚೆಯ ಬೇವಿನ ಮರ ನೋಡಿದೆ.

"ಸ್ಲೈಡಿನಾಗೈತ್ರಿ," ಎಂದಳು ಹುಡುಗಿ. "ಎರಡೂ ಬ್ಯಾರೆ ಬ್ಯಾರೆ ಅದಾವ್ರಿ, ಬಣ್ಣ ದಟ್ಟ ಐತ್ರಿ."

ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತಿರುಪು ತಿರುವಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ನನ್ನ ಎದೆಯ ಸದ್ದು. ಕೊನೆಗೆ ತಲೆಯೆತ್ತಿದರು.

"ಖರೆ. ಎರಡೂ ಬ್ಯಾರೆ ಬ್ಯಾರೆ ಅದಾವು, ಬಣ್ಣಾನೂ ದಟ್ಟ ಐತಿ. ಇಷ್ಟು ಸ್ಪಷ್ಟ ಸ್ಲೈಡು ನಾ ಎಲ್ಲೂ ನೋಡಿಲ್ಲ."

ಎಲ್ಲರೂ ಪಾಸು! ಅವರು ಊಟಕ್ಕೆ ಹೋದದ್ದೇ ನಾನು ಹುಡುಗಿಯ ಬೆನ್ನು ತಟ್ಟಿದೆ. ಅವಳು ಅಳುತ್ತಾ ಮುಷ್ಟಿ ಬಿಚ್ಚಿದಳು. ಒಳಗೆ ಸ್ಲೈಡು.

"ಕೈ ನಡುಗಿ ಇಡಾಕ ಆಗ್ಲಿಲ್ರಿ ಮೇಡಂ. ಆಮ್ಯಾಲ ಹೇಳಾಕೂ ಹೆದರಿಕಿ ಆತ್ರಿ."

"ಸುಮ್ಮನಿರವ್ವಾ," ಎಂದೆ. "ಏನೂ ಕಾಣವಲ್ದು ಅಂತ ಹೇಳಾಕ ಅವರಿಗೂ ಹೆದರಿಕಿ ಆಗೇತಿ."